ಮೂವತ್ತೇಳು ಲೋಟ ಕಾಫಿ

ಟಿಲ್ಡನ್ ಕೌಂಟಿಯ ಹಳೇ ಜೈಲು ಈಗ ಮ್ಯೂಸಿಯಂ.
ಮಂಗಳವಾರ, ಗುರುವಾರ ಬೀಗ ತೆಗೆಯುವವಳು ನಾನು.
ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿದ ಕೈ
ಈಗ ಟಿಕೆಟ್ಟು ಹರಿಯುತ್ತದೆ: ದೊಡ್ಡವರಿಗೆ ಮೂರು ಡಾಲರು,
ಮಕ್ಕಳಿಗೆ ಪುಕ್ಕಟೆ.

ಬಂದವರು ಮೊದಲು ಕೇಳುವುದು, ಹಗ್ಗ ಎಲ್ಲಿ ಅಂತ.
ಗಾಜಿನ ಪೆಟ್ಟಿಗೆಯಲ್ಲಿದೆ, ತೋರಿಸುತ್ತೇನೆ.
ಅದೇ ಹಗ್ಗವೋ ಅಲ್ಲವೋ ನನಗೂ ಅನುಮಾನ,
ಹಗ್ಗಗಳೆಲ್ಲ ಒಂದೇ ಥರ ಹಳತಾಗುತ್ತವೆ.
ಗೋಡೆಯ ಮೇಲೆ ಶೆರಿಫರ ಸಾಲು: ಹದಿನಾಲ್ಕು ಮೀಸೆ,
ಆಮೇಲಿನ ಐವರು ನುಣ್ಣಗೆ ಬೋಳಿಸಿದವರು.
ಒಬ್ಬನ ಹೆಂಡತಿಯ ಫೋಟೋವೂ ಇಲ್ಲ.

ಈ ಕಟ್ಟಡ ಕಟ್ಟಿದ್ದೇ ಹಾಗೆ:
ಮುಂದಿನ ಅರ್ಧ ಸಂಸಾರ, ಹಿಂದಿನ ಅರ್ಧ ಸರಳು,
ನಡುವೆ ಅಡುಗೆಮನೆ. ಅದರ ಗೋಡೆಗೊಂದು ಕಿಂಡಿ,
ತಟ್ಟೆ ಹಿಡಿಸುವಷ್ಟು, ತಲೆ ಹಿಡಿಸದಷ್ಟು.
ಶೆರಿಫನಿಗೆ ಸಂಬಳ. ಹೆಂಡತಿಗೆ
ತಟ್ಟೆಗೆ ಹದಿನೈದು ಸೆಂಟು,
ಅದೂ ಲೆಕ್ಕ ಒಪ್ಪಿಸಿದರೆ.

ಇಂಗೆಬೋರ್ ಸ್ಕಾರ್ವೋಲ್ಡ್ ಲೆಕ್ಕ ಒಪ್ಪಿಸಿದಳು.

ಕಂದು ರಟ್ಟಿನ ಪುಸ್ತಕ, ಜಿಡ್ಡು ಹತ್ತಿದ ಮೂಲೆ.
ಹೋದ ಚಳಿಗಾಲ ಬಾಯ್ಲರ್ ಕೆಟ್ಟ ದಿನ
ಒಬ್ಬರೂ ಬರಲಿಲ್ಲ. ಕೋಟು ಹೊದ್ದೇ ತೆರೆದೆ.
‘ಅಕ್ಟೋಬರ್ ಹನ್ನೊಂದು. ಕುಡುಕರು ಇಬ್ಬರು, ಓಟ್ಸ್ ಗಂಜಿ.’
‘ಕುದುರೆ ಕಳ್ಳ. ಹಲ್ಲುನೋವು. ಬರೀ ಸಾರು.’
‘ನವೆಂಬರ್ ಮೂರು. ಹೊಸಬ ಒಬ್ಬ, ಭಾಷೆ ಬಾರದು.
ಹಂದಿಮಾಂಸ ಮುಟ್ಟಲಿಲ್ಲ. ಶುಕ್ರವಾರ, ಅವರಲ್ಲಿ ವ್ರತವೇನೋ.
ಆಲೂಗಡ್ಡೆ ಕೊಟ್ಟೆ.’

ಆ ಹೊಸಬ ವಾಸಿಲ್ ಹ್ರಿಂಚುಕ್.
ಒಕ್ಕಣೆ ಯಂತ್ರದ ಹಿಂದೆ ಹೊಲದಿಂದ ಹೊಲಕ್ಕೆ ಬಂದವ,
ಕೂಲಿ ಬಾಕಿಗಾಗಿ ಧಣಿಯನ್ನು ಕೊಂದ ಅಂತ ಆಪಾದನೆ.
ಕೊಂದನೋ ಇಲ್ಲವೋ. ವಿಚಾರಣೆ ಆಗಲೇ ಇಲ್ಲ.
ಎಂಟನೇ ತಾರೀಕು ರಾತ್ರಿ ಜನ ಬಂದರು,
ಮುಖಕ್ಕೆ ಗೋಧಿಚೀಲ, ಕಣ್ಣಿಗೆರಡು ತೂತು.

ಪತ್ರಿಕೆ ಬರೆಯಿತು: ಎಲ್ಲಿಂದಲೋ ಬಂದವರು.
ಪಂಚರು ಬರೆದರು: ಗುರುತು ಸಿಗದ ವ್ಯಕ್ತಿಗಳ ಕೈಯಿಂದ.
ಶೆರಿಫ್ ಇವರ್ ಬರೆದ: ಬೀಗದಕೈ ಕಿತ್ತುಕೊಂಡರು,
ನಾನೊಬ್ಬನೇ, ಕತ್ತಲೆ ಬೇರೆ.

ಇಂಗೆಬೋರ್ ಬರೆದಳು:
‘ರಾತ್ರಿ ಕಾಫಿ, ಮೂವತ್ತೇಳು ಲೋಟ.
ಸಕ್ಕರೆ ಬೇಡದವರು ಇಬ್ಬರು.
ಡೈರಿಯವನಿಗೆ ಕೆನೆ ಜಾಸ್ತಿ, ಅವನದೇ ಕೆನೆ.
ಎಡಗೈಯವನು ಹಿಡಿಕೆ ಮುರಿದ, ನೀಲಿ ಪಿಂಗಾಣಿ, ಆರು ಸೆಂಟು.
ಪಾದ್ರಿಯ ತಮ್ಮ ಕುಡಿಯಲಿಲ್ಲ, ಹೊರಗೆ ಹೋಗಿ ವಾಂತಿ ಮಾಡಿದ.
ಒಂದು ಲೋಟ ಕಿಂಡಿಯಿಂದ ಒಳಕ್ಕೆ. ಹಾಗೇ ತಣ್ಣಗಾಯಿತು.’

ಚೀಲ ಎತ್ತದೆ
ಕಾಫಿ ಕುಡಿಯಲು ಬರುವುದಿಲ್ಲ.

ಯಾಕೆ ಕುಡಿಸಿದಳು? ಭಯಕ್ಕೋ,
ಮನೆಗೆ ಬಂದವರೆಂಬ ರೂಢಿಗೋ,
ಇಲ್ಲ, ನೀರು ಕುದಿಯುವಷ್ಟು ಹೊತ್ತಾದರೂ
ಒಬ್ಬ ಬದುಕಿರಲಿ ಎಂದೋ.
ಸಾಕ್ಷಿ ಬರೆದಿಟ್ಟಳೋ, ಚಿಲ್ಲರೆ ಎಣಿಸಿದಳೋ.
ಅವಳ ಅಕ್ಷರ ಒಂದೂ ನಡುಗಿಲ್ಲ,
ಅದನ್ನು ನೋಡಿ ನನಗೇ ನಡುಕ.

ಬಿಲ್ಲು ಡಿಸೆಂಬರಿನಲ್ಲಿ ಕೌಂಟಿ ಮುಂದೆ ಹೋಯಿತು, ಪಾಸಾಯಿತು.
ನೀಲಿ ಲೋಟದ ಆರು ಸೆಂಟು ಮಾತ್ರ ಹೊಡೆದುಹಾಕಿದ್ದಾರೆ.
ಕೆಳಗೆ ಕಮಿಷನರನ ಸಹಿ,
ಅಕ್ಷರಗಳು ಎಡಕ್ಕೆ ಒರಗಿ, ಬರೆದ ಕೈಯೇ ಉಜ್ಜಿ
ಶಾಯಿ ಮಸುಕಾಗಿದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಕಾಫಿ ಕುಡಿದವರು ಏನು ಮಾಡಿದರು?
ಗೋಧಿ ಬಿತ್ತಿದರು. ಚರ್ಚಿಗೆ ಗಂಟೆ ಕೊಡಿಸಿದರು.
ಅವರ ಮರಿಮಕ್ಕಳನ್ನು ಹಳದಿ ಬಸ್ಸಿನಲ್ಲಿ
ಮನೆಮನೆಗೆ ಇಳಿಸಿದವಳು ನಾನೇ,
ಮಂಜು ಬಿದ್ದ ದಿನ ಬಾಗಿಲ ತನಕ.

ಹಗ್ಗದ ಪಕ್ಕ ಈ ಪುಸ್ತಕ ಇಡಿ ಎಂದೆ ಸಮಿತಿಗೆ.
ಪೆಟ್ಟಿಗೆಯಲ್ಲಿ ಜಾಗ ನೋಡಬೇಕು ಎಂದರು.
ನೋಡುತ್ತಿದ್ದಾರೆ.

ಸಂಜೆ ಐದಕ್ಕೆ ಕಿಂಡಿಯ ಬಾಗಿಲು ಎಳೆದು
ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತೇನೆ.
ನಮ್ಮಜ್ಜ ಸಕ್ಕರೆ ಹಾಕುತ್ತಿರಲಿಲ್ಲ,
ಅಪ್ಪನೂ.
ನನಗೂ ಅಭ್ಯಾಸವಿಲ್ಲ.